ಯಜಮಾನ ಇಲ್ಲದ ಸಭೆಗೆ ಮೂರು ಫೋನು ಒಯ್ದದ್ದು

ಜರ್ಮನಿಗೆ ಹೋಗಿ ಬಂದ ಮೇಲೆ ನಮ್ಮ ಬನಹಟ್ಟಿಯಲ್ಲಿ ಎಲ್ಲರೂ ಮೊದಲು ಕೇಳಿದ್ದು, ಅಲ್ಲಿ ಏನು ಉಂಡಿ ಎಂದು. ಆಮೇಲೆ ಕೇಳಿದ್ದು, ಅಲ್ಲಿಗೆ ಹೋಗಿ ಏನು ಮಾಡಿದಿ ಎಂದು. ಮೊದಲನೆಯದಕ್ಕೆ ಉತ್ತರ ಇದೆ: ಬ್ರೆಡ್ಡು, ಕುದಿಸಿದ ಬಟಾಟಿ, ಮತ್ತು ನಾನೇ ಕಟ್ಟಿಕೊಂಡು ಹೋಗಿದ್ದ ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ. ಎರಡನೆಯದಕ್ಕೆ ಉತ್ತರ ಇನ್ನೂ ಸಿಕ್ಕಿಲ್ಲ. ಬರೆಯುತ್ತ ಹೋದರೆ ಸಿಕ್ಕೀತೇನೋ ಎಂದು ಬರೆಯುತ್ತಿದ್ದೇನೆ. ನಾನು ಕಲಿತದ್ದು ನಾಲ್ಕನೇ ಇಯತ್ತೆವರೆಗೆ. ತಿಳಿದದ್ದನ್ನು ತಿಳಿದ ಹಾಗೆ ಬರೆದಿದ್ದೇನೆ, ತಿಳಿಯದ್ದನ್ನು ತಿಳಿಯಲಿಲ್ಲ ಎಂದೇ ಬರೆದಿದ್ದೇನೆ. ಎರಡನೆಯ ಬಗೆಯದೇ ಹೆಚ್ಚು.

ಬನಹಟ್ಟಿ, ಹೊರಡುವ ಮೊದಲು

ನಮ್ಮ ಓಣಿಯಲ್ಲಿ ಕೈಮಗ್ಗ ಉಳಿದದ್ದು ನಾಲ್ಕೇ ಮನೆಯಲ್ಲಿ. ಉಳಿದವರೆಲ್ಲ ಪವರ್‌ಲೂಮು ಹಾಕಿ ಬಹಳ ವರ್ಷಗಳಾದವು. ಆ ನಾಲ್ಕು ಮನೆಯವರೆಂದರೆ ನಾನು, ಗಂಗವ್ವ. ಎದುರುಮನೆಯ ಶಾಂತವ್ವ, ನನಗಿಂತ ಸ್ವಲ್ಪ ಸಣ್ಣವಳು. ಪಕ್ಕದ ಮನೆಯ ನೀಲವ್ವ, ಯಾರು ಏನೆಂದರೂ ಹೂಂ ಅನ್ನುವವಳು. ಓಣಿಯ ಕೊನೆಯ ಮನೆಯ ಕಾಶವ್ವ, ನನ್ನ ಮಗಳ ವಯಸ್ಸಿನವಳು, ಯಾರು ಏನೆಂದರೂ ಯಾಕೆ ಅನ್ನುವವಳು.

ನಾವು ನೇಯುವುದು ಇಳಕಲ್ಲ ಸೀರೆ. ನೂಲು ಸಾವಕಾರನದು, ನೇಯ್ದ ಸೀರೆ ಸಾವಕಾರನದು, ಮಗ್ಗ ಮತ್ತು ಬೆನ್ನು ನಮ್ಮದು. ನನ್ನ ಅತ್ತೆಯ ಕಾಲದಿಂದಲೂ ಹೀಗೇ.

ಎರಡು ವರ್ಷದ ಹಿಂದೆ ವಸುಧಾಬಾಯಿ ಎನ್ನುವವರು ಬಂದರು. ಜಮಖಂಡಿಯವರು, ಮನೆಯೊಳಗೆ ಮರಾಠಿ, ಹೊಸ್ತಿಲ ಹೊರಗೆ ಕನ್ನಡ. ಪುಣೆಯಲ್ಲಿ ಕಲಿತು ಯಾವುದೋ ಸಂಸ್ಥೆಯಲ್ಲಿ ಕೆಲಸ ಮಾಡುತ್ತಾರೆ. ನಮ್ಮ ನಾಲ್ವರಿಗೂ ಒಂದೊಂದು ಫೋನು ಕೊಟ್ಟರು. ಇನ್ನು ಮೇಲೆ ಸಾವಕಾರ ಬೇಡ, ಸೀರೆ ಉಡುವವರಿಗೆ ನೀವೇ ಫೋನಿನಲ್ಲಿ ತೋರಿಸಿ ಮಾರುತ್ತೀರಿ ಎಂದರು. ಸೆರಗಿಗೆ ಬೇಕಾದ ಕೆಂಪು ರೇಷ್ಮೆ ತುಟ್ಟಿ, ಅದನ್ನು ನಾಲ್ವರ ಹೆಸರಿನಲ್ಲಿ ರಬಕವಿಯ ಒಂದು ಅಂಗಡಿಯಲ್ಲಿ ಇಡಿಸಿದರು. ಯಾರಿಗೆ ರೇಷ್ಮೆ ಬೇಕೋ ಅವರು ಫೋನಿನಲ್ಲಿ ಕೇಳಬೇಕು. ಆಗ ಉಳಿದ ಮೂವರ ಫೋನೂ ಗಂಟೆ ಹೊಡೆಯುತ್ತದೆ. ಮೂವರೂ ಹಸಿರು ಚುಕ್ಕಿ ಒತ್ತಿದರೆ ಅಂಗಡಿಯವನ ಫೋನಿನಲ್ಲಿ ಹಸಿರು ಬೀಳುತ್ತದೆ, ಅವನು ರೇಷ್ಮೆ ಕೊಡುತ್ತಾನೆ. ಒಬ್ಬಳು ಒತ್ತದಿದ್ದರೂ ಕೊಡುವುದಿಲ್ಲ. ನಾಲ್ವರಲ್ಲಿ ಹಿರಿಯಳಿಲ್ಲ, ಕಿರಿಯಳಿಲ್ಲ ಎಂದರು. ಇದಕ್ಕೆ ವಿಕೇಂದ್ರೀಕರಣ ಎಂಬ ಉದ್ದ ಹೆಸರು ಇದೆಯಂತೆ. ಹಾಗಂದರೇನು ಎಂದು ಕೇಳಿದೆ. ನಡುವೆ ಯಾರೂ ಕೂಡ್ರಬಾರದು, ಅಷ್ಟೇ ಎಂದರು. ಎಲ್ಲರೂ ಸುತ್ತ ಕೂತರೆ ನಡುವಿನ ಜಾಗ ಖಾಲಿ ಉಳಿಯುತ್ತದೆಯೇ, ಯಾರಾದರೂ ಬಂದು ಕೂಡ್ರುವುದಿಲ್ಲವೇ ಎಂದು ನನಗನಿಸಿತು.

ಮೊದಮೊದಲು ಒಂದೆರಡು ವಾರ ಹಾಗೇ ನಡೆಯಿತು. ಆಮೇಲೆ ಶಾಂತವ್ವ ತನ್ನ ಫೋನನ್ನು ತಂದು ನನ್ನ ಟ್ರಂಕಿನಲ್ಲಿ ಇಟ್ಟಳು, ಮೊಮ್ಮಕ್ಕಳು ಆಟಕ್ಕೆ ತೆಗೆದುಕೊಳ್ಳುತ್ತವೆ ಎಂದು. ನೀಲವ್ವನೂ ತಂದಿಟ್ಟಳು, ಶಾಂತವ್ವ ಇಟ್ಟಳಲ್ಲ ಎಂದು. ನಮ್ಮ ಓಣಿಯಲ್ಲಿ ಇದು ಹೊಸದಲ್ಲ. ಯಾರಾದರೂ ಶ್ರೀಶೈಲಕ್ಕೆ ಹೊರಟರೆ ಮನೆಯ ಕೀಲಿ, ಮೂಗಿನ ನತ್ತು, ರೇಷನ್ ಕಾರ್ಡು ಎಲ್ಲ ನನ್ನ ಟ್ರಂಕಿಗೇ ಬರುತ್ತವೆ. ಫೋನು ತೆರೆಯಲು ಚುಕ್ಕಿಗಳ ಮೇಲೆ ಬೆರಳಿನಿಂದ ಗೆರೆ ಎಳೆಯಬೇಕು. ನಾವು ಮೂವರು ಎಳೆಯುತ್ತಿದ್ದುದು ಒಂದೇ ಗೆರೆ, ಸೆರಗಿನ ಮೇಲೆ ಹಲ್ಲುಹಲ್ಲಾಗಿ ಬರುವ ತೆನೆ: ಮೇಲೆ, ಕೆಳಗೆ, ಮೇಲೆ. ಬೇರೆ ಯಾವ ಗೆರೆ ನಮ್ಮ ಕೈಗೆ ನೆನಪಿರುತ್ತದೆ? ಹೀಗಾಗಿ ಗಂಟೆ ಹೊಡೆದಾಗ ನಾನು ಬಾಗಿಲಲ್ಲಿ ನಿಂತು, ಕಾಶವ್ವಗೆ ರೇಷ್ಮೆ ಬೇಕಂತೆ, ಒತ್ತಲೇನು ಎಂದು ಕೂಗುತ್ತಿದ್ದೆ. ಅವರ ಉತ್ತರ ಬರುವುದರೊಳಗೆ ಮೂರೂ ಫೋನಿನಲ್ಲಿ ಒತ್ತಿ ಮುಗಿದಿರುತ್ತಿತ್ತು. ವಸುಧಾಬಾಯಿಗೆ ಇದು ಗೊತ್ತಿರಲಿಲ್ಲ. ಅವರು ಕೇಳಲಿಲ್ಲ, ನಾವು ಹೇಳಲಿಲ್ಲ.

ಕಾಶವ್ವ ಮಾತ್ರ ತನ್ನ ಫೋನನ್ನು ಯಾರಿಗೂ ಕೊಡಲಿಲ್ಲ. ನಾವು ಮೂವರು ಒಮ್ಮೆ ಫೋನಿಗಾಗಿ, ಒಮ್ಮೆ ಸಾವಕಾರನಿಗಾಗಿ ನೇಯುತ್ತ ಎರಡೂ ಕಡೆ ಕಾಲಿಟ್ಟುಕೊಂಡಿದ್ದೆವು. ಅವಳು ಸಾವಕಾರನ ಹಾಸನ್ನೇ ತಿರುಗಿಸಿ ಕಳಿಸಿಬಿಟ್ಟಿದ್ದಳು. ಹಾಸು ಎಂದರೆ ಮಗ್ಗಕ್ಕೆ ಉದ್ದಕ್ಕೆ ಕಟ್ಟುವ ನೂಲು. ಯಾರ ಹಾಸು ಮಗ್ಗದ ಮೇಲಿದೆಯೋ, ಅದು ಮುಗಿಯುವವರೆಗೆ ಆ ಮಗ್ಗ ಅವರದು. ಇನ್ನು ನನ್ನ ಮಗ್ಗದ ಮೇಲೆ ನನ್ನ ಸೀರೆಯೇ ಎಂದು ಸಾವಕಾರನ ಮನುಷ್ಯನಿಗೆ ಎಲ್ಲರೆದುರು ಹೇಳಿದ್ದಳು. ಅವನು ನಕ್ಕು, ಮಗ್ಗ ಖಾಲಿ ಆದ ದಿನ ಬರುತ್ತೇನೆ ಎಂದು ಹೋಗಿದ್ದ.

ಅಷ್ಟರಲ್ಲಿ ವಸುಧಾಬಾಯಿ ಜರ್ಮನಿಯ ಸುದ್ದಿ ತಂದರು. ಇಂಥ ಕೆಲಸ ಮಾಡುವವರ ದೊಡ್ಡ ಸಭೆ ಇದೆ, ನಿಮ್ಮಲ್ಲಿ ಒಬ್ಬರು ಬರಬೇಕು, ಯಾರು ಎಂದು ನಾಲ್ವರೂ ಫೋನಿನಲ್ಲಿ ಮತ ಹಾಕಿರಿ ಎಂದರು. ಕಾಶವ್ವ ಒಬ್ಬಳೇ ಹಾಕಿದಳು, ತನಗೇ ಹಾಕಿಕೊಂಡಳು. ಉಳಿದ ಮೂರನ್ನು ನಾನು ಹಾಕಿದೆ. ನಾನೇ ಹೋದೆ.

ವಿಮಾನ

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ನನ್ನ ಎಲೆ ಅಡಿಕೆಯ ಸಂಚಿಯನ್ನು ಒಂದು ತಟ್ಟೆಯಲ್ಲಿಟ್ಟು ಯಂತ್ರದೊಳಗೆ ಕಳಿಸಿದರು. ಅಡಕೊತ್ತು ತೆಗೆದುಕೊಂಡರು. ಇದರಿಂದ ಯಾರನ್ನು ಕತ್ತರಿಸಲಿ ಎಂದು ಕೇಳಿದರೆ ಪೊಲೀಸ ಹುಡುಗಿ ನಕ್ಕಳೇ ಹೊರತು ತಿರುಗಿ ಕೊಡಲಿಲ್ಲ. ಅದೇ ಸಂಚಿಯಲ್ಲಿ ಮೂರೂ ಫೋನು ಇದ್ದವು. ಅವಕ್ಕೆ ಏನೂ ಅನ್ನಲಿಲ್ಲ. ಬೇರೆಯವರ ವಸ್ತುವನ್ನು ಟ್ರಂಕಿನಲ್ಲಿ ಬಿಟ್ಟು ದೂರದ ಊರಿಗೆ ಹೋಗುವವಳು ನಾನಲ್ಲ, ಅದಕ್ಕೇ ತಂದಿದ್ದೆ. ನೀಲವ್ವ ಬೇರೆ, ತನ್ನ ಫೋನು ಸುಡುತ್ತದೆ, ಅದನ್ನು ಮಾಡಿದವರ ಹತ್ತಿರವೇ ಹೊರಟಿದ್ದೀಯಲ್ಲ, ತೋರಿಸಿಕೊಂಡು ಬಾ ಎಂದಿದ್ದಳು.

ವಿಮಾನದ ಬಗ್ಗೆ ಹೇಳುವುದು ಏನೂ ಇಲ್ಲ. ಕಾಲು ಬಾತವು.

ಟೊಪ್ಪಿಗೆಯ ಮನುಷ್ಯ

ನಾವು ಹೋದ ಊರು ಜರ್ಮನಿಯ ಪೂರ್ವದ ಕಡೆಗಿದೆ. ದೊಡ್ಡ ಶಹರದಿಂದ ರೈಲಿನಲ್ಲಿ ಹೋಗಬೇಕು. ರೈಲಿನಲ್ಲಿ ನಮ್ಮೆದುರು ಒಂದು ನಾಯಿ ಕೂತಿತ್ತು. ಉದ್ದ ಕಾಲು, ಒಣಗಿದ ಸೊಂಟ, ಥೇಟ್ ನಮ್ಮ ಮುಧೋಳ ನಾಯಿ. ತಿಮ್ಮಾಪುರದಲ್ಲಿ ಇಂಥವನ್ನೇ ಸಾಕುತ್ತಾರೆ, ಅವು ಮನುಷ್ಯರನ್ನು ಕಂಡರೆ ಮೈ ಬಿಗಿ ಮಾಡುತ್ತವೆ. ಇದು ಟಿಕೀಟು ನೋಡುವವನು ಬಂದರೂ ಬಾಲ ಅಲ್ಲಾಡಿಸಲಿಲ್ಲ. ಅದಕ್ಕೂ ಟಿಕೀಟು ತೆಗೆಸಿದ್ದರಂತೆ. ನಮ್ಮ ಕಡೆಯ ಬಸ್ಸಿನಲ್ಲಿ ಕೆಲವು ಗಂಡಸರೇ ತೆಗೆಸುವುದಿಲ್ಲ.

ಅದು ಒಂದು ಕಾಲಕ್ಕೆ ನೇಕಾರರ ಊರು ಎಂದು ವಸುಧಾಬಾಯಿ ಹೇಳಿದ್ದರು. ಇಳಿದು ನೋಡಿದರೆ ಒಂದು ಮಗ್ಗದ ಸದ್ದೂ ಇಲ್ಲ. ಕರೆಂಟು ಹೋಗಿದೆಯೇ ಎಂದು ಕೇಳಿದೆ. ಮೂವತ್ತು ವರ್ಷದ ಹಿಂದೆಯೇ ಗಿರಣಿ ಮುಚ್ಚಿದೆಯಂತೆ. ಬನಹಟ್ಟಿಯಲ್ಲಿ ಹಗಲು ರಾತ್ರಿ ಖಟಖಟ ಕೇಳಿ ಬದುಕಿದವಳಿಗೆ ಆ ಊರಲ್ಲಿ ಕಿವಿಯೊಳಗೆ ಹತ್ತಿ ತುಂಬಿದ ಹಾಗಾಯಿತು.

ಅಲ್ಲಿ ರಸ್ತೆ ದಾಟುವಲ್ಲಿ ದೀಪದ ಕಂಬ ಇರುತ್ತದೆ. ದೀಪದೊಳಗೆ ಟೊಪ್ಪಿಗೆ ಹಾಕಿದ ಒಬ್ಬ ಸಣ್ಣ ಮನುಷ್ಯ. ಅವನು ಕೆಂಪಾಗಿ ಕೈ ಚಾಚಿ ನಿಂತರೆ ದಾಟಬಾರದು, ಹಸಿರಾಗಿ ನಡೆದರೆ ದಾಟಬೇಕು. ನಾವು ಹೋದಾಗ ಅವನು ಕೆಂಪಗಿದ್ದ. ಆ ಕಡೆಯಿಂದ ಈ ಕಡೆಯವರೆಗೆ ಒಂದು ಗಾಡಿಯಿಲ್ಲ, ಪೊಲೀಸನಿಲ್ಲ. ಆದರೂ ಐದಾರು ಮಂದಿ ಸುಮ್ಮನೆ ನಿಂತಿದ್ದರು. ನಾನು ದಾಟಿ ಹೋದೆ. ತಿರುಗಿ ನೋಡಿದರೆ ಅವರೆಲ್ಲ ನನ್ನನ್ನೇ ನೋಡುತ್ತಿದ್ದರು. ವಸುಧಾಬಾಯಿ ಅವರ ಜೊತೆ ಆ ದಂಡೆಯಲ್ಲೇ ನಿಂತಿದ್ದರು, ನಾನು ಯಾರೋ ಪರಿಚಯವಿಲ್ಲದವಳು ಎಂಬಂತೆ.

ಮೇಲೆ ಯಾರೂ ಇರಬಾರದು ಎನ್ನುವ ಸಭೆ ನಡೆಯುವ ಊರಿನ ಜನ, ಟೊಪ್ಪಿಗೆ ಹಾಕಿದ ದೀಪದ ಮಾತು ಕೇಳುತ್ತಾರೆ. ನಮ್ಮ ಬನಹಟ್ಟಿಯಲ್ಲಿ ಯಾರೂ ಯಾರ ಮಾತೂ ಕೇಳದೆ ರಸ್ತೆ ದಾಟುತ್ತಾರೆ, ಆದರೆ ಸಾವಕಾರ ಕೆಮ್ಮಿದರೆ ಎದ್ದು ನಿಲ್ಲುತ್ತಾರೆ. ಇದರಲ್ಲಿ ಯಾರು ಯಾರಿಂದ ಬಿಡುಗಡೆ ಆಗಬೇಕು ಎಂದು ನನಗೆ ತಿಳಿಯಲಿಲ್ಲ.

ಉಟೆಯ ಅಡುಗೆಮನೆ

ನಮ್ಮನ್ನು ಇಳಿಸಿದ್ದು ಉಟೆ ಎನ್ನುವವಳ ಮನೆಯಲ್ಲಿ. ನನ್ನದೇ ವಯಸ್ಸು, ಬಿಳಿ ಕೂದಲು, ಒಂದೇ ಜಡೆ. ಸಭೆ ಕರೆದವರಲ್ಲಿ ಅವಳೂ ಒಬ್ಬಳು. ಮಾತು ತಿಳಿಯದೆ ಮೊದಲ ದಿನವೇ ನಮ್ಮಿಬ್ಬರಿಗೆ ಒಂದು ತೊಂದರೆ ಬಂತು. ಅಲ್ಲಿ ಪಾಯಖಾನೆಯಲ್ಲಿ ನೀರಿನ ಬದಲು ಕಾಗದ ಇರುತ್ತದೆ ಎಂದು ಕೇಳಿ ನಾನು ಸ್ಟೀಲಿನ ತಂಬಿಗೆ ಒಯ್ದಿದ್ದೆ. ಅದನ್ನು ಬಚ್ಚಲಲ್ಲಿ ಇಟ್ಟು ಮಲಗಿದೆ. ಬೆಳಗ್ಗೆ ಎದ್ದು ಬಂದರೆ ಉಟೆ ಅದಕ್ಕೆ ಹಳದಿ ಹೂವು ತುಂಬಿ ಊಟದ ಮೇಜಿನ ನಡುವೆ ಇಟ್ಟಿದ್ದಳು. ಕಾಣಿಕೆ ಎಂದು ತಿಳಿದಿದ್ದಳು. ಅದು ಯಾತರದು ಎಂದು ಹೇಳಿರಿ ಎಂದೆ. ವಸುಧಾಬಾಯಿ ಹೇಳಲಿಲ್ಲ. ಇರುವಷ್ಟು ದಿನ ನಾನು ನೀರಿನ ಬಾಟಲಿಯಲ್ಲೇ ಕೆಲಸ ನಡೆಸಿದೆ, ಮತ್ತು ಆ ಹೂವಿನ ಮುಂದೆ ಕೂತೇ ಉಂಡೆ.

ಉಟೆಯ ಅಡುಗೆಮನೆಯ ಕಪಾಟಿನಲ್ಲಿ ಭಾಂಡೆಗಳಿಗಿಂತ ಹಳೆಯ ಕಂಪ್ಯೂಟರುಗಳೇ ಹೆಚ್ಚು. ಬಟಾಟಿ ಸುಲಿಯುತ್ತ ಅವಳು ಹೇಳಿದ್ದನ್ನು ವಸುಧಾಬಾಯಿ ನನಗೆ ಹೇಳಿದರು. ಉಟೆಯ ಹರೆಯದಲ್ಲಿ ಕಂಪ್ಯೂಟರನ್ನು ಮನೆಯ ಫೋನಿನ ತಂತಿಗೆ ಜೋಡಿಸುವುದು ಬಂತಂತೆ. ಇನ್ನು ಯಾವ ಸರಕಾರವೂ ಯಾರ ಬಾಯಿಯನ್ನೂ ಕಟ್ಟಲಾರದು ಎಂದು ಕುಣಿದಾಡಿದರಂತೆ. ಸ್ವಲ್ಪ ಕಾಲದಲ್ಲಿ ಆ ತಂತಿಗಳೆಲ್ಲ ಕೆಲವೇ ದೊಡ್ಡವರ ಅಂಗಳಕ್ಕೆ ಹೋಗಿ ಸೇರಿದವು. ಆಮೇಲೆ, ಪ್ರತಿಯೊಬ್ಬನೂ ತನ್ನ ಮಾತು ತಾನೇ ಜಗತ್ತಿಗೆ ಬರೆಯುತ್ತಾನೆ, ಪತ್ರಿಕೆಯವರು ಬೇಡ ಎಂದರು. ಬರೆದರು. ಅದೂ ಎರಡು ಮೂರು ದೊಡ್ಡ ಮನೆಗಳ ಕಟ್ಟೆಗೆ ಹೋಯಿತು. ಆಮೇಲೆ ಬ್ಯಾಂಕೇ ಬೇಡದ ದುಡ್ಡು ಬಂತು. ಅದನ್ನು ತಂದ ಹುಡುಗರು ಶ್ರೀಮಂತರಾಗಿ ಸಮುದ್ರದ ದಂಡೆಗೆ ಹೋದರಂತೆ. ಈಗ ಈ ಫೋನು, ಈ ಸಭೆ.

ನನಗೆ ಪವರ್‌ಲೂಮು ನೆನಪಾಯಿತು. ಅದು ಬಂದಾಗ ನಮ್ಮಲ್ಲೂ ಪೇಢೆ ಹಂಚಿದ್ದರು. ಮನೆಮನೆಗೆ ಮೋಟಾರು, ಪ್ರತಿ ನೇಕಾರನೂ ಮಾಲಕ ಎಂದರು. ಈಗ ಒಂದು ಲೂಮು ಇದ್ದವನು ನಲವತ್ತು ಲೂಮು ಇದ್ದವನ ಬಾಗಿಲು ಕಾಯುತ್ತಾನೆ. ಇದನ್ನು ಹೇಳಿದಾಗ ಉಟೆ ಚಾಕು ಕೆಳಗಿಟ್ಟು ನನ್ನ ಕೈ ಹಿಡಿದಳು. ಹಾಗಾದರೆ ಮತ್ತೆ ಯಾಕೆ ಈ ಸಭೆ ಮಾಡುತ್ತಾಳೆ ಎಂದು ಕೇಳಿಸಿದೆ. ಅವಳು ಚಾಕು ಮತ್ತೆ ಎತ್ತಿಕೊಂಡು, ಪ್ರತಿ ಸಲವೂ ಮೊದಮೊದಲು ಅದು ಖರೆಯೇ ಆಗಿತ್ತು ಎಂದಳು. ಇದು ಉತ್ತರವೋ ಅಲ್ಲವೋ ಎಂದು ವಸುಧಾಬಾಯಿಯನ್ನು ಕೇಳಿದೆ. ತನಗೂ ಗೊತ್ತಿಲ್ಲ ಎಂದರು. ಬಟಾಟಿ ಇನ್ನೂ ಅರ್ಧ ಉಳಿದಿತ್ತು, ಸುಲಿದೆವು.

ಗಿರಣಿ

ಸಭೆ ನಡೆದದ್ದು ಆ ಮುಚ್ಚಿದ ಗಿರಣಿಯಲ್ಲೇ. ಮಗ್ಗಗಳನ್ನು ಕಿತ್ತ ಗುರುತು ನೆಲದ ಮೇಲೆ ಸಾಲಾಗಿ ಇನ್ನೂ ಇತ್ತು, ಅದರ ಮೇಲೆ ಕುರ್ಚಿ ಹಾಕಿದ್ದರು. ಬಂದವರೆಲ್ಲ ಹರೆಯದವರು. ಯಾರಾದರೂ ಮಾತಾಡಿದ್ದು ಒಪ್ಪಿಗೆಯಾದರೆ ಅವರು ಚಪ್ಪಾಳೆ ತಟ್ಟುವುದಿಲ್ಲ, ಎರಡೂ ಕೈ ಮೇಲೆತ್ತಿ ಬೆರಳು ಅಲುಗಿಸುತ್ತಾರೆ. ಮೊದಲ ಸಲ ನೋಡಿದಾಗ ಎಲ್ಲರೂ ಒಮ್ಮೆಲೇ ಯಾಕೆ ಒದ್ದೆ ಕೈ ಒಣಗಿಸುತ್ತಿದ್ದಾರೆ ಎಂದುಕೊಂಡೆ.

ವಸುಧಾಬಾಯಿ ಗೋಡೆಯ ಮೇಲೆ ನಮ್ಮ ಓಣಿಯ ಚಿತ್ರ ಬಿಟ್ಟು ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ನಾನು ಪಕ್ಕದಲ್ಲಿ ಸಂಚಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಚಿತ್ರದಲ್ಲಿ ನಾಲ್ಕು ಮನೆ, ನಾಲ್ಕು ಫೋನು, ನಡುವೆ ಖಾಲಿ. ನಾಲ್ಕು ಹೆಣ್ಣುಮಕ್ಕಳು, ನಾಲ್ಕು ಕೈ, ಮೇಲೆ ಯಾರೂ ಇಲ್ಲ ಎನ್ನುತ್ತಿದ್ದಾರೆ ಎಂದು ಅವರ ಬೆರಳು ನೋಡಿಯೇ ನನಗೆ ತಿಳಿಯಿತು. ಜನ ಬೆರಳು ಅಲುಗಿಸಿದರು.

ಆಗ ನನ್ನ ಸಂಚಿ ಗಂಟೆ ಹೊಡೆಯಿತು. ಒಂದಲ್ಲ, ಮೂರೂ ಫೋನು ಒಟ್ಟಿಗೆ. ನಿಲ್ಲಿಸಲು ಹೊರಗೆ ತೆಗೆದು ತೊಡೆಯ ಮೇಲೆ ಸಾಲಾಗಿ ಇಟ್ಟುಕೊಂಡೆ. ಮೂರರ ಮೇಲೂ ಕಾಶವ್ವನ ಮುಖ ಇತ್ತು. ಅವಳ ಕೈಯಲ್ಲಿದ್ದ ಸೀರೆ ಮುಗಿದಿತ್ತು, ಮುಂದಿನದಕ್ಕೆ ರೇಷ್ಮೆ ಕೇಳಿದ್ದಳು.

ವಸುಧಾಬಾಯಿ ಮಾತು ನಿಲ್ಲಿಸಿದರು. ಮೂರು ಫೋನು ನೋಡಿದರು, ನನ್ನನ್ನು ನೋಡಿದರು, ಗೋಡೆಯ ಚಿತ್ರ ನೋಡಿದರು. ಆ ಮಂದಿ ಇದೂ ಕಾರ್ಯಕ್ರಮದ ಭಾಗ ಎಂದು ತಿಳಿದು ಮತ್ತೆ ಬೆರಳು ಅಲುಗಿಸಿದರು. ಉಟೆ ಒಬ್ಬಳೇ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು.

ನಾನು ರೂಢಿಯಂತೆ ತೆನೆಯ ಗೆರೆ ಎಳೆದು ನನ್ನ ಫೋನಿನಲ್ಲಿ ಹಸಿರು ಒತ್ತಿದೆ. ನೀಲವ್ವನದಕ್ಕೆ ಬೆರಳು ಹಾಕುವಷ್ಟರಲ್ಲಿ ವಸುಧಾಬಾಯಿ ನನ್ನ ಕೈ ಹಿಡಿದರು.

"ಗಂಗವ್ವಾರ, ಅದು ನಿಮ್ಮ ಕೈಯಾಗ ಇದ್ರೂ ನಿಮ್ಮ ಫೋನ್ ಅಲ್ರಿ. ಅವರನ್ನ ಕೇಳೂಣ್ರಿ."

ದುಂಡಗೆ ಕೂತವರು

ಅಷ್ಟಕ್ಕೆ ಮುಗಿಯಲಿಲ್ಲ. ಏನಾಯಿತು ಎಂದು ವಸುಧಾಬಾಯಿ ಸಭೆಗೆ ಹೇಳಿಬಿಟ್ಟರು. ಅವರು ಸುಳ್ಳು ಹೇಳುವವರಲ್ಲ, ಅದು ಅವರಿಗಿರುವ ಒಂದು ರೋಗ. ಹತ್ತು ಹನ್ನೆರಡು ಮಂದಿ ನೆಲದ ಮೇಲೆ ದುಂಡಗೆ ಕೂತರು. ನನ್ನನ್ನೂ ಕೂಡ್ರಿಸಿದರು. ಯಾರೂ ಬೈಯಲಿಲ್ಲ, ಅದೇ ನನಗೆ ಕಸಿವಿಸಿ. ಒಬ್ಬ ಬೈದಿದ್ದರೆ ನಾನೂ ಬೈದು ಮುಗಿಸುತ್ತಿದ್ದೆ.

ಸರಕಾರ ಇಲ್ಲದೆ ಜನರೇ ಸೇರಿ ಮಾಡಿದ ಕೆಲಸ ನಿಮ್ಮಲ್ಲಿ ಬೇರೆ ಇಲ್ಲವೇ ಎಂದು ಒಬ್ಬ ಹುಡುಗಿ ಕೇಳಿದಳು. ವಸುಧಾಬಾಯಿ ಚಿಕ್ಕಪಡಸಲಗಿಯ ಸುದ್ದಿ ಹೇಳಿದರು. ರೈತರೇ ಸೇರಿ ಕೃಷ್ಣಾ ನದಿಗೆ ಅಡ್ಡ ಬ್ಯಾರೇಜು ಕಟ್ಟಿದ್ದನ್ನು ಕೇಳಿ ಎಲ್ಲರ ಬೆರಳೂ ಮೇಲೆ ಹೋದವು. ನನ್ನ ತವರು ಬೀಳಗಿ ತಾಲೂಕಿನ ಗಲಗಲಿ, ಹೊಳೆಯ ದಂಡೆಯ ಊರು. ಆ ಕೆಲಸದ ಮಾತು ಕೇಳಿದವಳು ನಾನು. ಜನ ಸುಮ್ಮನೆ ಬರಲಿಲ್ಲ, ಮುಂದೆ ನಿಂತು ಕರೆದವರು ಇದ್ದರು, ಅವರ ಮುಖ ನೋಡಿ ಬಂದರು, ಇದನ್ನೂ ಹೇಳಿರಿ ಎಂದೆ. ವಸುಧಾಬಾಯಿ ಹೇಳಿದರು. ಬೆರಳುಗಳು ನಿಧಾನವಾಗಿ ಕೆಳಗಿಳಿದವು.

ಆ ಮೇಲೆ ಊರಿಗೆ ಕರೆ ಮಾಡಿದೆವು, ವಸುಧಾಬಾಯಿಯ ಫೋನಿನಿಂದ ಸೊಸೆಯಂದಿರ ಫೋನಿಗೆ. ನೀಲವ್ವ ಪೂರಾ ಕೇಳುವ ಮೊದಲೇ ಹೂಂ ಅಂದಳು. ಅವಳದನ್ನು ಒತ್ತಿದೆ. ತನ್ನ ಫೋನು ತೋರಿಸಿದೆಯಾ ಎಂದು ಕೇಳಿದಳು, ಇನ್ನೂ ಇಲ್ಲ ಎಂದೆ.

ಶಾಂತವ್ವ ಪಡದೆಯ ಮೇಲೆ ಬಂದಳು. ಕಾಲು ಇಳಿಬಿಟ್ಟು ಕೂಡ್ರುವ ಮಗ್ಗದ ಕುಣಿಯಿಂದ ಎದ್ದು ಬಂದವಳು, ಕೂದಲ ತುಂಬ ನೂಲಿನ ಧೂಳು.

"ನಾ ಒತ್ತಂಗಿಲ್ಲಕ್ಕ," ಎಂದಳು.

ಯಾಕೆ ಎಂದೆ.

"ಆಕಿ ನನ್ನ ಕೇಳಿಲ್ಲ. ಫೋನ್ ಕೇಳೇತಿ. ಆಕಿ ಮನಿಗೂ ನನ್ನ ಮನಿಗೂ ನಡುವ ಏನ್ ಹೊಳಿ ಹರದೈತೇನು? ಬಂದು ಕಟ್ಟಿ ಮ್ಯಾಲೆ ಕುಂತು, ಶಾಂತಕ್ಕ, ರೇಷ್ಮಿ ಬೇಕಾಗೇತಿ ಅಂದ್ರ ನಾ ಏನ್ ಇಲ್ಲ ಅಂತೇನಿ?"

ಇದನ್ನು ಓದುವವರಿಗೆ ಹೇಳಬೇಕು. ನಮ್ಮ ಸೀರೆಯಲ್ಲಿ ಒಡಲಿನ ಹಾಸಿನ ನೂಲಿಗೆ ಸೆರಗಿನ ರೇಷ್ಮೆಯನ್ನು ಒಂದೊಂದೇ ಎಳೆ ಕೊಂಡಿ ಹಾಕಿ ಜೋಡಿಸಬೇಕು. ಒಬ್ಬಳಿಂದ ಆಗುವುದಿಲ್ಲ. ಎದುರಿಗೆ ಇನ್ನೊಬ್ಬಳು ಕೂತು ಎಳೆ ಕೊಡಬೇಕು. ಅದಕ್ಕಾಗಿ ಅವಳ ಮನೆಗೆ ಹೋಗಿ ಕರೆಯುವುದು ನಮ್ಮ ಓಣಿಯ ರೂಢಿ. ಕಟ್ಟೆಯ ಮೇಲೆ ಕೂತು, ಚಹಾ ಕುಡಿದು, ಸೊಸೆಯ ದೂರು ಕೇಳಿ, ಕೊನೆಗೆ ನಾಳೆ ಕೊಂಡಿಗೆ ಬರ್ರಿ ಎನ್ನಬೇಕು. ಕಾಶವ್ವ ಬಹಳ ವರ್ಷ ಶಾಂತವ್ವನನ್ನೇ ಕರೆಯುತ್ತಿದ್ದಳು. ಫೋನು ಬಂದ ಮೇಲೆ ರೇಷ್ಮೆಯನ್ನು ಅದರಲ್ಲೇ ಕೇಳಿದಳು, ಕೊಂಡಿಗೆ ತನ್ನ ಮಗಳನ್ನೇ ಎದುರಿಗೆ ಕೂಡ್ರಿಸಿಕೊಂಡಳು. ತಪ್ಪು ಅಂತ ಯಾರು ಹೇಳುತ್ತಾರೆ? ಆದರೆ ಶಾಂತವ್ವನ ಕಟ್ಟೆ ಎರಡು ವರ್ಷದಿಂದ ಖಾಲಿ ಇತ್ತು. ನಾನು ಎದುರುಮನೆಯಲ್ಲೇ ಇದ್ದು ಅದನ್ನು ನೋಡಿರಲಿಲ್ಲ.

ಕಾಶವ್ವನಿಗೆ ಕರೆ ಮಾಡಿ, ಹೋಗಿ ಒಂದು ಮಾತು ಕೇಳಿ ಬಾ ಎಂದೆ. ಅವಳ ಹಿಂದೆ ಮಗ್ಗ ಕಾಣುತ್ತಿತ್ತು, ಖಾಲಿ. ಸಾವಕಾರನ ಮನುಷ್ಯ ಮುಂಜಾನೆಯೇ ಬಂದು ಹೋಗಿದ್ದನಂತೆ. ನಾಳೆ ಹಾಸು ತರುತ್ತೇನೆ, ತಗೊಂಡರೆ ತಗೊ, ಇಲ್ಲದಿದ್ದರೆ ನಿನ್ನ ಬಾಗಿಲಿಗೆ ಇನ್ನು ಬರುವುದಿಲ್ಲ ಎಂದಿದ್ದನಂತೆ.

"ಆಯಿ, ಸಾವಕಾರನ ಕಟ್ಟಿ ಹತ್ತಿ ಹತ್ತಿ ಸಾಕಾಗಿ ಈ ಫೋನ್ ಹಿಡದೇನಿ," ಎಂದಳು. "ಈಗ ಶಾಂತಕ್ಕನ ಕಟ್ಟಿ ಹತ್ತು ಅಂತಿ. ಕಟ್ಟಿ ಬದಲಾತು, ಹತ್ತೋದು ತಪ್ಪಲಿಲ್ಲ."

ಅದು ಬೇರೆ, ಇದು ಬೇರೆ ಎಂದೆ. ಹೇಗೆ ಬೇರೆ ಎಂದು ಕೇಳಿದಳು. ಕೇಳಿ ಫೋನಿಟ್ಟಳು.

ಈಗ ಶಾಂತವ್ವನ ಫೋನು ನನ್ನ ತೊಡೆಯ ಮೇಲಿತ್ತು. ಮೇಲೆ, ಕೆಳಗೆ, ಮೇಲೆ, ಆಮೇಲೆ ಹಸಿರು. ರಬಕವಿಯ ಅಂಗಡಿಯವನು ರೇಷ್ಮೆ ಕೊಡುತ್ತಿದ್ದ, ಕಾಶವ್ವನ ಮಗ್ಗ ಅವಳದೇ ಆಗಿ ಉಳಿಯುತ್ತಿತ್ತು. ದುಂಡಗೆ ಕೂತವರು ಮಾತಾಡುತ್ತಲೇ ಇದ್ದರು. ಒಬ್ಬ ಹುಡುಗ, ಮೂವರ ಬದಲು ಇಬ್ಬರು ಒತ್ತಿದರೆ ಸಾಕು ಎಂದು ನಿಯಮ ಬದಲಿಸೋಣ ಎಂದ. ನಿಯಮ ಬದಲಿಸಲು ಎಷ್ಟು ಮಂದಿ ಒತ್ತಬೇಕು ಎಂದು ಒಬ್ಬಳು ಕೇಳಿದಳು. ನಾಲ್ವರೂ ಒತ್ತಬೇಕಂತೆ. ಕೊನೆಗೆ ಇದನ್ನು ಯೋಚಿಸಲು ತಮ್ಮಲ್ಲೇ ಮೂವರನ್ನು ನೇಮಿಸಿದರು. ಯಾರು ನೇಮಿಸಿದರು ಎಂದು ನೋಡಿದೆ. ಎಲ್ಲರಿಗಿಂತ ದೊಡ್ಡ ದನಿಯ ಹುಡುಗ ಇದ್ದನಲ್ಲ, ಅವನೇ.

ಉಟೆಯನ್ನು ನೋಡಿದೆ. ಒತ್ತಲೇ ಎಂದು ಬೆರಳಿನಲ್ಲೇ ಕೇಳಿದೆ. ಅವಳು ತನ್ನ ಎರಡೂ ಕೈಯನ್ನು ತೊಡೆಯ ಮೇಲೆ ಮಡಚಿ ಇಟ್ಟುಕೊಂಡಳು.

ನಾನು ಒತ್ತಲಿಲ್ಲ. ಯಾಕೆ ಎಂದು ಈಗಲೂ ಸರಿಯಾಗಿ ಹೇಳಲಾರೆ. ಶಾಂತವ್ವ ಬೇಡ ಎಂದದ್ದು ನನ್ನ ಕಿವಿಗೆ ಬಿದ್ದಿತ್ತು, ಮುಖ ಕಂಡಿತ್ತು. ಹನ್ನೆರಡು ಮಂದಿ ಅಷ್ಟು ನಂಬಿ ಕೂತಿದ್ದರು. ಆ ಊರಲ್ಲಿ ದಿನಾ ಟೊಪ್ಪಿಗೆಯವನ ಮುಂದೆ ನಿಂತು ನಿಂತು ನನಗೂ ನಿಲ್ಲುವ ಚಾಳಿ ಹತ್ತಿತ್ತೋ ಏನೋ. ಫೋನನ್ನು ಸಂಚಿಗೆ ಹಾಕಿ ದಾರ ಎಳೆದೆ.

ಬನಹಟ್ಟಿ, ಬಂದ ಮೇಲೆ

ಬಂದ ದಿನವೇ ಕಾಶವ್ವನ ಮನೆಗೆ ಹೋದೆ. ಮಗ್ಗದ ಮೇಲೆ ಸಾವಕಾರನ ಹಾಸು ಇತ್ತು. ಅವಳು ಲಾಳಿ ನಿಲ್ಲಿಸಲಿಲ್ಲ. ಜರ್ಮನಿ ಹೇಗಿತ್ತು ಆಯಿ ಎಂದು ಕೇಳಿದಳು. ಥಂಡಿ ಎಂದೆ. ಇದೊಂದೇ ಹಾಸು, ಇದು ಮುಗಿದ ಮೇಲೆ ನೋಡು ಎಂದಳು. ಒಂದು ಹಾಸು ಮುಗಿಯುವ ಮೊದಲೇ ಸಾವಕಾರ ಇನ್ನೊಂದನ್ನು ಬಾಗಿಲಿಗೆ ತಂದಿಡುತ್ತಾನೆ ಎಂದು ಅವಳಿಗೂ ಗೊತ್ತು, ನನಗೂ ಗೊತ್ತು.

ಆಮೇಲೆ ನೀಲವ್ವನಿಗೆ ಅವಳ ಫೋನು ಕೊಟ್ಟೆ. ತೋರಿಸಿದೆಯಾ ಎಂದಳು. ಮರೆತಿದ್ದೆ. ತೋರಿಸಿದೆ, ಸರಿಯಾಗಿದೆ ಎಂದೆ. ಹೂಂ ಅಂದಳು.

ಶಾಂತವ್ವ ತನ್ನ ಕಟ್ಟೆಯ ಮೇಲೆ ಕೂತಿದ್ದಳು. ಅಂದು ಪವರ್‌ಲೂಮುಗಳಿಗೆ ವಾರದ ರಜೆ, ಓಣಿಯ ಕೊನೆಯಿಂದ ಕಾಶವ್ವನ ಮಗ್ಗದ ಸದ್ದು ಒಂದೇ ಕೇಳುತ್ತಿತ್ತು. ಶಾಂತವ್ವನ ಪಕ್ಕದಲ್ಲಿ ಕೂತು ಫೋನನ್ನು ಅವಳ ಕೈಯಲ್ಲಿಟ್ಟೆ. ಇನ್ನು ನನ್ನ ಟ್ರಂಕಿಗೆ ತರಬೇಡ, ನಿನ್ನದು ನೀನೇ ಇಟ್ಟುಕೋ ಎಂದೆ. ಅವಳು ತೆನೆಯ ಗೆರೆ ಎಳೆದು ತೆರೆದಳು. ಕಾಶವ್ವ ರೇಷ್ಮೆ ಕೇಳಿದ್ದು ಅದರಲ್ಲಿ ಹಾಗೇ ಇತ್ತು. ಎರಡು ಚುಕ್ಕಿ ಹಸಿರು, ಒಂದು ಬಿಳಿ. ಶಾಂತವ್ವ ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಂಡು ಆ ಬಿಳಿಯದನ್ನು ತಾನೇ ಒತ್ತಿದಳು.

ಓಣಿಯ ಕೊನೆಯಲ್ಲಿ ಮಗ್ಗದ ಸದ್ದು ನಿಂತಿತು. ಕಾಶವ್ವ ಫೋನು ನೋಡುತ್ತಿರಬೇಕು. ನಾವಿಬ್ಬರೂ ಕಿವಿ ಕೊಟ್ಟು ಕೂತೆವು. ಸ್ವಲ್ಪ ಹೊತ್ತಿಗೆ ಮಗ್ಗ ಮತ್ತೆ ಶುರುವಾಯಿತು.

"ನೀ ಒತ್ತತಿ ಅಂತ ತಿಳದಿದ್ದೆ," ಎಂದಳು ಶಾಂತವ್ವ.

ನೀನೇ ಬೇಡ ಎಂದೆಯಲ್ಲ ಎಂದೆ.

"ನಾ ಯಾವಾಗ ಬ್ಯಾಡ ಅಂದಿಲ್ಲ? ಎರಡು ವರ್ಷದಿಂದ ಪ್ರತಿ ಸಲ ಇಲ್ಲೇ ಕುಂತು ಬ್ಯಾಡ ಅಂದೇನಿ. ಪ್ರತಿ ಸಲ ನೀ ಒತ್ತೀದಿ." ಅವಳು ನನ್ನ ಕಡೆ ತಿರುಗಿದಳು. "ಈ ಸಲ ಅಷ್ಟ ಯಾಕ ನನ್ನ ಮಾತು ಕೇಳಿದಿ?"